ಕೊಕ್ಕೆ ತಲೆಯ ಕಡೆಗೆ

ಮಲ್ಲಿಗಮ್ಮನವರು ದನಗಳಿಗೆ ಮುದ್ರೆ ಹಾಕುತ್ತಿದ್ದರು. ನುಗ್ಗೇಹಳ್ಳಿಯಿಂದ ಎರಡು ಮೈಲಿ ದೂರದ ಗುಳಿಗಾವಲು ಎಂಬ ಊರಿನ ಹಟ್ಟಿಯಲ್ಲಿ ಅವರ ಮನೆ. ಸುತ್ತಲಿನ ಏಳು ಊರುಗಳ ದನ ಒಂದೇ ಕಾವಲಿನಲ್ಲಿ ಮೇಯುತ್ತಿತ್ತು. ಸಾವಿರಕ್ಕೆ ಹತ್ತಿರದ ಆ ದನಗಳಲ್ಲಿ ಯಾವುದು ಯಾರದೆಂದು ಹೇಳುವುದಕ್ಕೆ ಬಲತೊಡೆಯ ಮೇಲಿನ ಸುಟ್ಟ ಗುರುತೊಂದೇ ಆಧಾರ. ಒಂದೊಂದು ಮನೆತನಕ್ಕೆ ಒಂದೊಂದು ಗುರುತು. ಒಬ್ಬರದು ಒನಕೆ, ಒಬ್ಬರದು ನೇಗಿಲ ಗುಳ, ಮತ್ತೊಬ್ಬರದು ಏಣಿ. ಇಂಥ ನೂರ ಹದಿನಾಲ್ಕು ಗುರುತುಗಳು ಮಲ್ಲಿಗಮ್ಮನವರ ನೆನಪಿನಲ್ಲಿದ್ದವು. ೧೯೬೪ರಲ್ಲಿ ಅವರು ಹೇಳುತ್ತ ಹೋದಂತೆ ನಾನು ಬರೆದುಕೊಂಡೆ. ಮೂರು ತಿಂಗಳು ಬಿಟ್ಟು ಮತ್ತೊಮ್ಮೆ ಮೊದಲಿನಿಂದ ಕೇಳಿ ಬರೆದುಕೊಂಡೆ. ಎರಡು ಪಟ್ಟಿಗಳಿಗೆ ಇದ್ದ ವ್ಯತ್ಯಾಸ ಒಂದೇ ಒಂದು, ಅದೂ ನನ್ನ ಕಡೆಯ ತಪ್ಪು.

ಅವರ ಸಲಕರಣೆ ಒಂದು ಮೊಳದ ಕಬ್ಬಿಣದ ಸಲಾಕೆ. ಹಿಡಿಗೆ ಹುಣಸೆ ಮರ, ತುದಿ ಕಿರುಬೆರಳಿನಷ್ಟು ದಪ್ಪ. ಅವರು ಅಚ್ಚು ಒತ್ತುತ್ತಿರಲಿಲ್ಲ, ಸಲಾಕೆಯ ತುದಿಯಿಂದ ಬರೆಯುತ್ತಿದ್ದರು. ನೊಣ ಕಡಿಮೆ ಇರುವ ಚಳಿಯ ತಿಂಗಳುಗಳಲ್ಲಿ ಮಾತ್ರ ಕೆಲಸ. ತುದಿಯ ಬಣ್ಣ ಮಾಗಿದ ಅತ್ತಿಹಣ್ಣಿನಂತಾದಾಗ ತೆಗೆಯಬೇಕು. ಅದಕ್ಕಿಂತ ಕೆಂಪಾದರೆ ಚರ್ಮ ಹರಿಯುತ್ತದೆ, ಕಡಿಮೆಯಾದರೆ ಕೂದಲು ಮತ್ತೆ ಬರುತ್ತದೆ. ಬರೆ ಎಳೆದ ಮೇಲೆ ಹರಳೆಣ್ಣೆ, ಅದರ ಮೇಲೆ ಬೂದಿ. ದನ ಒಂದು ಸಲ ಒದರಿ, ಬಿಟ್ಟ ಕೂಡಲೇ ಮೇಯುವುದಕ್ಕೆ ಹೋಗುತ್ತಿತ್ತು.

ಈ ಕಸಬಿಗೆ ಒಂದು ಕಟ್ಟಳೆ ಇತ್ತು. ಪ್ರತಿ ಗುರುತಿಗೂ ಒಂದು ಮುಖ, ಆ ಮುಖ ದನದ ತಲೆಯ ಕಡೆಗೆ ಇರಬೇಕು. ತಲೆಯ ಕಡೆ ಇದ್ದರೆ ಅದು ಮನೆಯ ದನ. ಹರಕೆ ಹೊತ್ತು ದೇವರಿಗೆ ಬಿಟ್ಟುಕೊಟ್ಟ ದನಕ್ಕೆ ಮಾತ್ರ ಅದೇ ಗುರುತನ್ನು ಬಾಲದ ಕಡೆಗೆ ತಿರುಗಿಸಿ ಬರೆಯುತ್ತಿದ್ದರು. ಅಂಥ ದನವನ್ನು ಆಮೇಲೆ ಕಟ್ಟುವಂತಿಲ್ಲ, ಹೂಡುವಂತಿಲ್ಲ, ಮಾರುವಂತಿಲ್ಲ. ಅದು ಎಲ್ಲಿ ಬೇಕಾದರೂ ಮೇಯಬಹುದು, ಅದಕ್ಕೆ ಯಜಮಾನನಿಲ್ಲ. ಕಾವಲಿನ ಏಳೂರಿನವರಿಗೂ ಇದು ಗೊತ್ತಿದ್ದ ವಿಷಯ.

ಮಲ್ಲಿಗಮ್ಮನವರ ಸ್ವಂತ ಮನೆಯ ಗುರುತು ಒಂದು ಕೊಕ್ಕೆಕೋಲು, ಅದರ ಕೆಳಗೆ ಎರಡು ಚುಕ್ಕೆ. ದನ ಕಾಯುವವರು ಎತ್ತರದ ಕೊಂಬೆ ಬಗ್ಗಿಸಿ ಸೊಪ್ಪು ಕೊಡುವ ಕೋಲು ಅದು. ಹಟ್ಟಿಯ ಪಕ್ಕದ ಹಳೆಯ ವೀರಗಲ್ಲಿನಲ್ಲಿ ಒಂದು ಹಸು ಕೆತ್ತಿದೆ, ಅದರ ತೊಡೆಯ ಮೇಲೆ ಇದೇ ಗುರುತಿದೆ. ನಾನು ಅಳೆದಾಗ ಕಲ್ಲಿನ ಗುರುತು ಒಂದೂವರೆ ಅಂಗುಲ ಇತ್ತು. ಯಾವುದೋ ಕಾಲದಲ್ಲಿ ಕಳ್ಳರು ಊರಿನ ದನ ಹೊಡೆದುಕೊಂಡು ಹೋದಾಗ ಈ ಮನೆಯ ಬೈರ ಎಂಬುವನು ಹಿಂದೆ ಓಡಿ, ದನವನ್ನು ತಿರುಗಿಸಿ ಕಳಿಸಿ, ತಾನು ಅಲ್ಲೇ ಸತ್ತನಂತೆ. ಅಂದಿನಿಂದ ಅವರಿಗೆ ‘ದನ ತಂದೋರು’ ಎಂಬ ಹೆಸರು. ಮುದ್ರೆ ಹಾಕುವ ಹಕ್ಕು ಬಂದದ್ದೂ ಆಗಲೇ. ಗಂಡ ತೀರಿಕೊಂಡ ಮೇಲೆ ಸಲಾಕೆ ಮಲ್ಲಿಗಮ್ಮನವರ ಕೈಗೆ ಬಂತು. ಹೆಂಗಸು ಬರೆ ಎಳೆಯುವುದುಂಟೇ ಎಂದು ಮೊದಲ ವರ್ಷ ಕೆಲವರು ಆಡಿಕೊಂಡರು. ಅವರ ದನಗಳಿಗೆ ಮಲ್ಲಿಗಮ್ಮ ಆ ವರ್ಷ ಬರೆ ಎಳೆಯಲಿಲ್ಲ. ಮಾರನೆಯ ವರ್ಷ ಅವರೇ ಹಟ್ಟಿಗೆ ಹೇಳಿಕಳಿಸಿದರು.

ಊರಿನ ಜೋಡಿದಾರರು ಚಂದ್ರಶೇಖರಯ್ಯ. ಊರಿನ ಕಂದಾಯವನ್ನು ತಾವು ಎತ್ತಿ, ಸರ್ಕಾರಕ್ಕೆ ಒಂದು ಪಾಲು ಕಟ್ಟಿ, ಉಳಿದದ್ದನ್ನು ಅನುಭವಿಸುವ ಮನೆತನ. ತಮ್ಮ ಹಿರಿಯರು ಅರಕಲಗೂಡಿನ ಕಡೆಯ ಪಾಳೇಗಾರರಲ್ಲಿ ದಳವಾಯಿಗಳಾಗಿದ್ದರೆಂದು ಅವರು ಹೇಳುತ್ತಿದ್ದರು. ಇದ್ದರೂ ಇರಬಹುದು. ಐವತ್ತರ ದಶಕದ ನಡುವೆ ಇನಾಮು ರದ್ದಾಗಿ ಊರು ಸರ್ಕಾರಕ್ಕೆ ಸೇರಿತು. ನಿನ್ನೆಯವರೆಗೆ ಬಾಗಿಲ ಹೊರಗೆ ನಿಲ್ಲುತ್ತಿದ್ದ ಒಕ್ಕಲುಗಳು ತಮ್ಮ ಹೊಲ ತಮ್ಮ ಹೆಸರಿಗೆ ಬರೆಸಿಕೊಳ್ಳಲು ಚನ್ನರಾಯಪಟ್ಟಣದ ಬಸ್ಸು ಹತ್ತಿದರು. ಚಂದ್ರಶೇಖರಯ್ಯನವರಿಗೆ ಉಳಿದದ್ದು ದೊಡ್ಡ ಮನೆ, ನಲವತ್ತು ಎಕರೆ, ಮೂವತ್ತೆಂಟು ದನ. ಅದುವರೆಗೆ ಸ್ವಂತ ಹುಲ್ಲುಗಾವಲಿನಲ್ಲೇ ಮೇಯುತ್ತಿದ್ದ ಆ ದನಗಳಿಗೆ ಗುರುತು ಇರಲಿಲ್ಲ. ಕೆಟ್ಟ ಮನುಷ್ಯರೇನಲ್ಲ. ಆದರೆ ಯಾರಾದರೂ ‘ಬುದ್ಧಿ’ ಎನ್ನುವುದನ್ನು ಮರೆತರೆ ಅವರಿಗೆ ಆ ದಿನ ಊಟ ಸೇರುತ್ತಿರಲಿಲ್ಲ ಎಂದು ಅವರ ಮನೆಯ ದನ ಕಾಯುತ್ತಿದ್ದ ದ್ಯಾವಯ್ಯ ಹೇಳಿದ್ದುಂಟು.

೧೯೫೭ರಲ್ಲಿ ಅವರು ಹೊಳೆನರಸೀಪುರಕ್ಕೆ ಒಂದು ಮದುವೆಗೆ ಹೋದರು. ಆ ಮನೆಯ ಬಾಗಿಲ ಮೇಲೆ, ಲಗ್ನಪತ್ರಿಕೆಯ ಮೇಲೆ, ಬೆಳ್ಳಿ ಚೊಂಬಿನ ಮೇಲೆ ಕೂಡ ಒಂದು ಕುಲಲಾಂಛನ ಇತ್ತು. ಅವರು ಬರುವಾಗ ಅದನ್ನು ಬರೆದುಕೊಟ್ಟ ಚಿತ್ರಗಾರನ ವಿಳಾಸ ತಂದರು. ಚಿತ್ರಗಾರ ಊರಿಗೇ ಬಂದ. ನಿಮ್ಮ ವಂಶದ ಹಳೆಯ ಗುರುತು ಏನಾದರೂ ಇದೆಯೇ ಎಂದು ಕೇಳಿದ. ಚಂದ್ರಶೇಖರಯ್ಯನವರಿಗೆ ಗೊತ್ತಿರಲಿಲ್ಲ. ಇಬ್ಬರೂ ಊರೆಲ್ಲ ಸುತ್ತಿ, ಕೊನೆಗೆ ಹಟ್ಟಿಯ ಪಕ್ಕದ ಕಲ್ಲಿನ ಮುಂದೆ ನಿಂತರು. ಚಿತ್ರಗಾರ ಕೊಕ್ಕೆಕೋಲನ್ನೂ ಎರಡು ಚುಕ್ಕೆಯನ್ನೂ ಕಾಗದದ ಮೇಲೆ ಇಳಿಸಿಕೊಂಡು, ಸುತ್ತ ಒಂದು ಗುರಾಣಿ ಬರೆದು, ಅತ್ತ ಇತ್ತ ಎರಡು ಆನೆ ನಿಲ್ಲಿಸಿ, ಕೆಳಗೆ ‘ಗಜಭುಜಬಲ ದಳವಾಯಿ’ ಎಂದು ಬರೆದ. ಅದು ಗೇಟಿನ ಮೇಲೆ ಗಾರೆಯಲ್ಲಿ ಮೂಡಿತು. ಪತ್ರದ ಕಾಗದಗಳ ಮೇಲೆ ಅಚ್ಚಾಯಿತು. ಆ ಕಾಗದವನ್ನೇ ಹಾಸನಕ್ಕೆ ಕಳಿಸಿ, ಗೇಟು ಕಿಟಕಿ ಮಾಡುವ ಒಂದು ಕಾರ್ಖಾನೆಯಲ್ಲಿ ದನಗಳಿಗೆ ಒತ್ತಲು ಕಬ್ಬಿಣದ ಅಚ್ಚನ್ನೂ ಎರಕ ಹೊಯ್ಯಿಸಿದರು. ಆನೆ ಗುರಾಣಿ ಬಿಟ್ಟು, ಬರೀ ಕೊಕ್ಕೆ, ಚುಕ್ಕೆ. ಕಾಗದದ ಮೇಲೆ ಹೇಗಿತ್ತೋ ಅಚ್ಚಿನ ಮುಖದಲ್ಲೂ ಹಾಗೆಯೇ ಇತ್ತು.

ಅಚ್ಚನ್ನು ಹಿಡಿದು ದ್ಯಾವಯ್ಯ ಹಟ್ಟಿಗೆ ಬಂದ.

“ಮಲ್ಲಕ್ಕ, ಬುದ್ಧ್ಯೋರು ಕರೀತಾವ್ರೆ. ದನಕ್ಕೆಲ್ಲ ಇದನ್ನ ಒತ್ಬೇಕಂತೆ.”

ಮಲ್ಲಿಗಮ್ಮ ಅಚ್ಚನ್ನು ತಿರುಗಿಸಿ ತಿರುಗಿಸಿ ನೋಡಿದರು. “ಇದು ನಮ್ಮನೆ ಗುರ್ತು ಕಣಪ್ಪ.”

“ಈಗ ಅವ್ರದಂತೆ. ಗೇಟ್ ಮ್ಯಾಲೆ ಆನೆ ಜೊತೆಗೆ ನಿಲ್ಸವ್ರೆ.”

“ಆನೆ ಬೇಕಾದ್ರೆ ಅವ್ರೇ ಮಡೀಕಳ್ಳಿ. ಕೊಕ್ಕೆ ನಮ್ದು. ನಾನು ಒತ್ತಾಕಿಲ್ಲ ಅಂತ ಯೋಳೋಗು.”

ದ್ಯಾವಯ್ಯ ತಲೆ ಕೆರೆದುಕೊಂಡ. “ಅಂಗೇ ಯೋಳ್ಬುಟ್ರೆ ನನ್ ಬೆನ್ ಮ್ಯಾಲೆ ಒತ್ತಾರು!”

“ನಿಂಗೆ ಒತ್ತುದ್ರೆ ಬಾ, ಅರಳೆಣ್ಣೆ ಅಚ್ತೀನಿ” ಎಂದರಂತೆ ಮಲ್ಲಿಗಮ್ಮ.

ಮೂವತ್ತೆಂಟು ದನಗಳಿಗೂ ಆಳುಗಳೇ ಒತ್ತಿದರು. ಮೊದಲ ಎತ್ತಿಗೆ ಒತ್ತಿ ಅಚ್ಚು ತೆಗೆದಾಗಲೇ ದ್ಯಾವಯ್ಯನಿಗೆ ಏನೋ ಹೆಚ್ಚುಕಮ್ಮಿಯಾಗಿದೆ ಎಂದು ಕಂಡಿತು. ಬಾಯಿ ತೆರೆದ. “ಹೇಳಿದ್ದು ಮಾಡ್ಲಾ” ಎಂದರು ಚಂದ್ರಶೇಖರಯ್ಯ. ಅವನು ಮಾಡಿದ. ಆ ದನಗಳು ಕಾವಲಿಗೆ ಬಂದಾಗ ಏಳೂರಿನವರಿಗೂ ಕಂಡಿತು. ದೊಡ್ಡ ಮನೆಯ ವಿಷಯವೆಂದು ಯಾರೂ ತುಟಿ ಬಿಚ್ಚಲಿಲ್ಲ.

ಮಲ್ಲಿಗಮ್ಮನವರಿಗೆ ಇದ್ದದ್ದು ಮೂರು ದನ. ಅದರಲ್ಲಿ ಕೆಂದಿ ಎಂಬ ಹಸು ತುಂಬು ಗಬ್ಬ. ಅದು ಕರು ಹಾಕಿದರೆ ಮನೆಗೆ ಹಾಲು, ಸೊಸೆಯ ಬಾಣಂತನಕ್ಕೆ ತುಪ್ಪ. ಮಾರ್ಗಶಿರದ ಒಂದು ಬೆಳಿಗ್ಗೆ ಆ ಮೂರನ್ನೂ, ಅವುಗಳ ಮೇಲೆ ತಮ್ಮ ಯಜಮಾನರ ಮುದ್ರೆ ಇದೆಯೆಂದು, ಚಂದ್ರಶೇಖರಯ್ಯನವರ ಆಳುಗಳು ಕಾವಲಿನಿಂದ ಹೊಡೆದುಕೊಂಡು ಹೋದರು. ಮಲ್ಲಿಗಮ್ಮ ದೊಡ್ಡ ಮನೆಯ ಗೇಟಿನ ಮುಂದೆ ಹೋಗಿ ನಿಂತರು. ತಮ್ಮ ಮನೆಯ ಗುರುತು ತಲೆಯ ಮೇಲೆ, ಎರಡು ಆನೆಗಳ ನಡುವೆ ಇತ್ತು.

ಚಂದ್ರಶೇಖರಯ್ಯ ಹೊರಗೆ ಬಂದರು. ಸಿಟ್ಟಿರಲಿಲ್ಲ.

“ನೋಡು ಮಲ್ಲಿ, ನಿನ್ನ ಬಡಕಲು ಹಸು ನಂಗ್ಯಾಕೆ? ಈಗಲೇ ಹೊಡ್ಕೊಂಡು ಹೋಗು. ಒಂದು ಕಾಗದ ಬರೆಸಿದ್ದೀನಿ, ಹೆಬ್ಬೆಟ್ಟು ಒತ್ತಿಬಿಡು.”

“ಏನ್ ಬರ್ಸಿದ್ದೀರಿ ಬುದ್ಧಿ, ಓದಿ.”

ಅವರು ಓದಿದರು. ಗುಳಿಗಾವಲಿನ ದಳವಾಯಿ ವಂಶದವರು ತಮ್ಮ ಲಾಂಛನವನ್ನು ಬಳಸಿಕೊಳ್ಳಲು ಮಲ್ಲಿಗಮ್ಮನ ಹಿರಿಯರಿಗೆ ದಯಪಾಲಿಸಿದ್ದರೆಂದೂ, ಆಕೆಯ ಮನೆಯವರು ದೊಡ್ಡ ಮನೆಯ ಮುದ್ರೆಯ ಆಳುಗಳೆಂದೂ ಅದರಲ್ಲಿತ್ತು.

“ದಯಪಾಲ್ಸೋದು ಅಂದ್ರೆ?”

“ಕೊಟ್ಟಿದ್ದು ಅಂತ.”

ಮಲ್ಲಿಗಮ್ಮ ಇನ್ನೊಂದು ಸಲ ಓದಿಸಿದರು. ಆಮೇಲೆ ಬೆರಳು ಮಡಿಸುತ್ತ ಗಂಡ, ಮಾವ, ಮಾವನ ಅಪ್ಪ ಎಂದು ಹಿಂದಕ್ಕೆ ಹೋಗಿ ಎಂಟು ಹೆಸರು ಹೇಳಿದರು. “ಎಂಟು ತಲೆ ಆಯ್ತು. ನಿಮ್ಮೋರು ಈ ಊರ್ಗೆ ಬಂದು ಐದು ತಲೆ. ಇನ್ನೂ ಬರ್ದೇ ಇದ್ದೋರು ನಮಗೆ ಎಂಗೆ ಕೊಟ್ರು?”

“ವಾದ ಮಾಡಬೇಡ. ಹಸು ಬೇಕೋ ಬೇಡ್ವೋ?”

“ಬೇಕು. ಈ ಕಾಗ್ದ ಬ್ಯಾಡ.”

“ಎರಡೂ ಒಟ್ಟಿಗೇನೇ.”

“ಅಂಗಾದ್ರೆ ಸರ್ಕಾರ್ದೋರ ಮುಂದೆ ನೋಡ್ಕಳಾನ ಚಂದ್ರಶೇಖರಯ್ಯನೋರೆ.”

ಬುದ್ಧಿ ಎನ್ನದೆ ಹೆಸರು ಹಿಡಿದು ಕರೆದದ್ದನ್ನು ಗೇಟಿನ ಒಳಗಿದ್ದವರೆಲ್ಲ ಕೇಳಿಸಿಕೊಂಡರು. ಮಲ್ಲಿಗಮ್ಮ ಮತ್ತೆಂದೂ ಆ ಮಾತನ್ನು ಬಳಸಲಿಲ್ಲ.

ಮಲ್ಲಿಗಮ್ಮ ಅಲ್ಲಿಂದ ನೇರ ನುಗ್ಗೇಹಳ್ಳಿಗೆ ನಡೆದು, ಅರ್ಜಿ ಬರೆಯುವವರ ಕೈಯಲ್ಲಿ ಅರ್ಜಿ ಬರೆಸಿದರು. ತೀರ್ಮಾನವಾಗುವ ತನಕ ಮೂರು ದನಗಳನ್ನೂ ಊರ ದೊಡ್ಡಿಯಲ್ಲಿ ಕಟ್ಟಬೇಕೆಂದು ತಾಲ್ಲೂಕು ಕಚೇರಿಯಿಂದ ಆಜ್ಞೆಯಾಯಿತು. ದೊಡ್ಡಿಯೆಂದರೆ ಅಂಡಲೆಯುವ ದನಗಳನ್ನು ಕೂಡುವ ಕಲ್ಲಿನ ಪೌಳಿ. ಹದಿನೇಳು ದಿನ ಅವರು ದಿನಕ್ಕೆ ಎರಡು ಸಲ ಹುಲ್ಲು ಹೊತ್ತುಕೊಂಡು ಹೋದರು. ಕೆಂದಿಯ ಕೆಚ್ಚಲು ದಿನದಿನಕ್ಕೂ ಬಿಗಿಯುತ್ತಿತ್ತು. ಹಟ್ಟಿಯ ಸಣ್ಣಕ್ಕ ದಾರಿಯಲ್ಲಿ ಅಡ್ಡ ನಿಂತು ಬೈದಳು.

“ಒಂದು ಎಬ್ಬೆಟ್ಟು ಒತ್ತುದ್ರೆ ಸವ್ದೋಯ್ತಿತ್ತೇನೆ ನಿನ್ ಬೆಳ್ಳು? ಬಾಣಂತಿಗೆ ತುಪ್ಪ ಎಲ್ಲಿಂದ ತತ್ತೀಯೆ?”

“ತುಪ್ಪ ಇಲ್ದಿದ್ರೆ ಎಳ್ಳೆಣ್ಣೆ ಉಣ್ತಾಳೆ. ಕಾಗ್ದುಕ್ಕೆ ಒತ್ಬುಟ್ರೆ ಹುಟ್ಟೋ ಮಗ ಆಳು ಅಂತ ಬರ್ಕೊಂಡೇ ಹುಟ್ತದೆ ಕಣೆ” ಎಂದರು ಮಲ್ಲಿಗಮ್ಮ. ಹುಲ್ಲಿನ ಹೊರೆ ಇಳಿಸಲಿಲ್ಲ.

ಹದಿನೆಂಟನೆಯ ದಿನ ಜಮಾಬಂದಿಗೆ, ಎಂದರೆ ವರ್ಷದ ಕಂದಾಯದ ಲೆಕ್ಕ ನೋಡಲು, ತಾಲ್ಲೂಕಿನ ಅಮಲ್ದಾರರು ಬಂದರು. ಲೆಕ್ಕಪತ್ರ ನೋಡಿ ಮುಗಿಸಿ, ಹುಣಸೆಮರದ ನೆರಳಿನಲ್ಲಿ ಈ ಅರ್ಜಿಯನ್ನು ಎತ್ತಿಕೊಂಡರು. ಏಳೂರಿನ ಜನ ಸೇರಿತ್ತು. ಚಂದ್ರಶೇಖರಯ್ಯ ಲಾಂಛನದ ಕಾಗದವನ್ನು ಮೇಜಿನ ಮೇಲೆ ಇಟ್ಟು, ತಮ್ಮ ವಂಶ, ಬಿರುದು ಎಲ್ಲ ಹೇಳಿದರು. ಅಮಲ್ದಾರರು ತಾಳ್ಮೆಯಿಂದ ಕೇಳಿದರು.

“ಬಿರುದಿನ ವಿಷಯ ನನ್ನ ವ್ಯಾಪ್ತಿಗೆ ಬರೋದಿಲ್ಲ. ಹಸು ಯಾರದು ಅನ್ನೋದಷ್ಟೇ ಪ್ರಶ್ನೆ. ನೀವಿಬ್ಬರೂ ಮುದ್ರೆ ನಮ್ಮದು ಅಂತೀರಿ.”

“ಸ್ವಾಮಿ, ಕಾಗದವನ್ನು ಆ ಹಸುವಿನ ತೊಡೆ ಪಕ್ಕ ಹಿಡಿದು ನೋಡಿ. ಒಂದು ಗೆರೆ ಹೆಚ್ಚುಕಡಿಮೆ ಇದ್ದರೆ ನಾನು ಎದ್ದು ಹೋಗ್ತೀನಿ” ಎಂದರು ಚಂದ್ರಶೇಖರಯ್ಯ.

ಮಲ್ಲಿಗಮ್ಮ ಕೈಮುಗಿದರು. “ಅಂಗೇ ಮಾಡಿ ಸಾ. ಜೊತೆಗೆ ಅವ್ರ ಎತ್ತೂ ಒಂದ ತರ್ಸಿ. ಎರಡ್ನೂ ಒಂದೇ ಮಕ ಮಾಡಿ ನಿಲ್ಸಿ.”

ಕೆಂದಿಯನ್ನೂ ಒಂದು ಬಿಳಿ ಎತ್ತನ್ನೂ ಪೂರ್ವಕ್ಕೆ ಮುಖ ಮಾಡಿ ನಿಲ್ಲಿಸಿದರು. ಅಮಲ್ದಾರರು ಅವುಗಳ ಬಲಮಗ್ಗುಲಿಗೆ ಬಂದು ಕಾಗದ ಹಿಡಿದರು. ಕೆಂದಿಯ ತೊಡೆಯ ಮೇಲೆ ಕೊಕ್ಕೆ ತಲೆಯ ಕಡೆಗಿತ್ತು, ಕಾಗದದಲ್ಲಿದ್ದಂತೆಯೇ ಬಲಕ್ಕೆ. ಚಂದ್ರಶೇಖರಯ್ಯ ಜನರ ಕಡೆ ತಿರುಗಿ ನಕ್ಕರು. ಅಮಲ್ದಾರರು ಎತ್ತಿನ ಹತ್ತಿರ ಹೋದರು. ಅಲ್ಲಿ ಕೊಕ್ಕೆ ಎಡಕ್ಕೆ ಇತ್ತು, ಬಾಲದ ಕಡೆಗೆ.

“ಇದೇನಿದು? ನಿಮ್ಮ ಕಾಗದ ಅವರ ಹಸುವಿಗೆ ಹೊಂದುತ್ತೆ, ನಿಮ್ಮ ಎತ್ತಿಗೇ ಹೊಂದೋದಿಲ್ಲವಲ್ಲ?”

ಚಂದ್ರಶೇಖರಯ್ಯ ಕಾಗದವನ್ನೂ ಎತ್ತನ್ನೂ ಬದಲಿಸಿ ಬದಲಿಸಿ ನೋಡಿದರು. ಆಳಿನ ತಪ್ಪು ಎಂದರು. ಇನ್ನೊಂದು ದನ ತರಿಸಿದರು, ಮತ್ತೊಂದು ತರಿಸಿದರು. ಎಲ್ಲದರಲ್ಲೂ ಕೊಕ್ಕೆ ಬಾಲದ ಕಡೆಗೆ. ಅಮಲ್ದಾರರು ಮೇಜಿನ ಮೇಲಿದ್ದ ಕಚೇರಿಯ ಹಿತ್ತಾಳೆ ಮೊಹರನ್ನು ಎತ್ತಿ ಅದರ ತಳ ನೋಡಿದರು. ಅಲ್ಲಿ ಅಕ್ಷರಗಳು ತಿರುಗುಮುರುಗಾಗಿ ಕೆತ್ತಿದ್ದವು, ಕಾಗದದ ಮೇಲೆ ನೆಟ್ಟಗೆ ಬೀಳಲೆಂದು. ಹಾಸನದ ಕಾರ್ಖಾನೆಯವರು ದಿನವೂ ಗೇಟು ಮಾಡುವವರು. ಗೇಟನ್ನು ಯಾರೂ ಯಾವುದರ ಮೇಲೂ ಒತ್ತುವುದಿಲ್ಲ. ಕಾಗದದಲ್ಲಿ ಹೇಗಿತ್ತೋ ಹಾಗೆಯೇ ಎರಕ ಹೊಯ್ದಿದ್ದರು. ಚರ್ಮದ ಮೇಲೆ ಅದು ಕನ್ನಡಿಯಲ್ಲಿ ಕಂಡಂತೆ ಬಿದ್ದಿತ್ತು. ಕೈಯಿಂದ ಬರೆಯುತ್ತಿದ್ದ ಮಲ್ಲಿಗಮ್ಮನವರ ಮನೆತನಕ್ಕೆ ಈ ತೊಂದರೆ ಎಂದೂ ಬಂದಿರಲಿಲ್ಲ.

“ಸಾ, ಗುರ್ತಿನ ಮ್ಯಾಲೆ ತೀರ್ಮಾನ ಆಗ್ಲಿ ಅಂತ ಅವ್ರೇ ಅಂದವ್ರೆ” ಎಂದರು ಮಲ್ಲಿಗಮ್ಮ. “ಆಗ್ಲಿ. ಆದ್ರೆ ಗುರ್ತನ್ನ ಪೂರ್ತಿ ಓದಿ. ಬಾಲದ ಕಡೆ ಇದ್ರೆ ಏನರ್ತ ಅಂತ ಕಾವಲ್ನೋರ್ನೇ ಕೇಳಿ, ನಾನು ಯೋಳಾಕಿಲ್ಲ.”

ಅಮಲ್ದಾರರು ಜನರನ್ನು ನೋಡಿದರು. ಎಲ್ಲರೂ ಕಾಲ ಕೆಳಗಿನ ನೆಲ ನೋಡಿದರು. ಎತ್ತಿನ ಹಗ್ಗ ಹಿಡಿದಿದ್ದವನು ದ್ಯಾವಯ್ಯ. ಅಮಲ್ದಾರರು ಅವನನ್ನೇ ಕೇಳಿದರು.

“ಬುಟ್ಟಿದ್ದು ಸಾ” ಎಂದ ದ್ಯಾವಯ್ಯ, ತನ್ನ ಯಜಮಾನರ ಮುಖ ನೋಡದೆ. “ದ್ಯಾವ್ರಿಗೆ ಬುಟ್ಟಿದ್ದು. ಯಜಮಾನ ಇಲ್ಲ ಅಂತ ಲೆಕ್ಕ. ಕಟ್ಟಂಗಿಲ್ಲ, ಹೂಡಂಗಿಲ್ಲ. ನಾವು ಹೂಡ್ತಾ ಇದ್ದೀವಿ, ಪಾಪ ಸುತ್ಕೊಂಡದೆ.”

ಹಿಂದಿನಿಂದ ಯಾರೋ, “ಮೂವತ್ತೆಂಟೂ ದಾನ ಮಾಡವ್ರೆ ಕಣ್ಲಾ, ಇಂಥ ಧರ್ಮರಾಯ ಎಲ್ಲವ್ನೆ!” ಎಂದರು. ನಗು ಹುಣಸೆಮರದ ಆಚೆಯವರೆಗೂ ಹೋಯಿತು.

ಅಮಲ್ದಾರರು ಮಾತ್ರ ನಗಲಿಲ್ಲ. ಅವರು ಚಂದ್ರಶೇಖರಯ್ಯನವರ ಕಡೆ ತಿರುಗಿ ಮೆಲ್ಲಗೆ ಹೇಳಿದರು: “ಎರಡರಲ್ಲಿ ಒಂದು ಹೇಳಿ. ಈ ಗುರುತು ನಿಮ್ಮದು ಅಂದರೆ, ಕಾವಲಿನ ಕಟ್ಟಳೆ ಪ್ರಕಾರ ಮೂವತ್ತೆಂಟು ದನವನ್ನೂ ನೀವು ಬಿಟ್ಟುಕೊಟ್ಟ ಹಾಗೆ. ನಿಮ್ಮದಲ್ಲ ಅಂದರೆ, ಆ ಮೂರು ದನ ಆಕೆಯದು.”

ಚಂದ್ರಶೇಖರಯ್ಯ ಮೇಜಿನ ಮೇಲಿದ್ದ ಲಾಂಛನದ ಕಾಗದವನ್ನು ನಾಲ್ಕಾಗಿ ಮಡಿಸಿ ಜೇಬಿಗೆ ಹಾಕಿಕೊಂಡರು. “ಹಸು ಕೊಟ್ಟುಬಿಡಿ” ಎಂದರು.

ದನ ಮುಟ್ಟಿತು ಎಂದು ರಸೀದಿ ಬರೆದು ಗುಮಾಸ್ತರು ಶಾಯಿಯ ಮೆತ್ತೆಯನ್ನು ಮುಂದಕ್ಕೆ ತಳ್ಳಿದರು. ಮಲ್ಲಿಗಮ್ಮ ಹೆಬ್ಬೆರಳನ್ನು ಸೆರಗಿನೊಳಗೆ ಇಟ್ಟುಕೊಂಡರು.

“ಲೇಖ್ಣಿ ಕೊಡಿ ಸಾ.”

“ನಿಂಗೆ ಬರೆಯೋಕೆ ಬರ್ತದಾ?” ಎಂದರು ಗುಮಾಸ್ತರು.

“ಮೂವತ್ತು ವರ್ಸದಿಂದ ಬರೀತಾ ಇವ್ನಿ. ಈ ಕಾಗ್ದುಕ್ಕೆ ತಲೆ ಯಾವ ಕಡೆ ಯೋಳಿ.”

ಗುಮಾಸ್ತರು ಅಮಲ್ದಾರರ ಮುಖ ನೋಡಿದರು. ಅಮಲ್ದಾರರು ತಾವು ರುಜು ಹಾಕಿದ್ದ ಬಲಮೂಲೆಯನ್ನು ತೋರಿಸಿದರು. ಮಲ್ಲಿಗಮ್ಮ ಆ ಕಡೆಗೆ ಮುಖ ಮಾಡಿ ಒಂದು ಕೊಕ್ಕೆಕೋಲು ಬರೆದು, ಕೆಳಗೆ ಎರಡು ಚುಕ್ಕೆ ಇಟ್ಟರು. ಅದರ ಪಕ್ಕದಲ್ಲಿ ಅಮಲ್ದಾರರು ತಮ್ಮ ಕೈಯಿಂದಲೇ ‘ದನ ತಂದೋರ ಮನೆಯ ಮಲ್ಲಿಗಮ್ಮನವರ ರುಜು’ ಎಂದು ಬರೆದರು. ಅದರ ನಕಲನ್ನು ಮಲ್ಲಿಗಮ್ಮ ತಗಡಿನ ಡಬ್ಬಿಯಲ್ಲಿ ಇಟ್ಟಿದ್ದರು. ನಾನು ನೋಡಿದ್ದೇನೆ. ಗೆರೆ ಎಲ್ಲೂ ನಡುಗಿಲ್ಲ.

ಕೆಂದಿ ಮೂರನೆಯ ದಿನ ಹಟ್ಟಿಯಲ್ಲೇ ಕರು ಹಾಕಿತು.

ಚಂದ್ರಶೇಖರಯ್ಯನವರ ಕಷ್ಟ ಅಲ್ಲಿಗೆ ಮುಗಿಯಲಿಲ್ಲ. ಅವರ ಎತ್ತುಗಳನ್ನು ಹೂಡಲು ಆಳುಗಳು ಹೆದರಿದರು. ದನಗಳು ಯಾರ ಹೊಲಕ್ಕೆ ನುಗ್ಗಿದರೂ ಜನ ಕೈಮುಗಿದು, ದೇವರ ದನ ಎಂದು ಊರ ದಿಕ್ಕಿಗೆ ಹೊಡೆದು, ಹಿಂದಿನಿಂದ ನಗುತ್ತಿದ್ದರು. ತಪ್ಪು ಬಿದ್ದ ಗುರುತನ್ನು ರದ್ದು ಮಾಡುವುದಕ್ಕೆ ಇದ್ದ ದಾರಿ ಒಂದೇ: ಮುದ್ರೆ ಹಾಕುವವರು ಅದರ ಕೆಳಗೆ ಆ ಮನೆಯ ನಿಜವಾದ ಗುರುತನ್ನು ಬರೆಯಬೇಕು. ಒಂದು ತಿಂಗಳಾದ ಮೇಲೆ ಚಂದ್ರಶೇಖರಯ್ಯ ತಾವೇ ಹಟ್ಟಿಗೆ ಬಂದರು. ಅವರ ಮನೆತನದವರು ಹಟ್ಟಿಯೊಳಗೆ ಕಾಲಿಟ್ಟದ್ದು ಅದೇ ಮೊದಲು.

ಮಲ್ಲಿಗಮ್ಮ ರಾಗಿ ಕೇರುತ್ತಿದ್ದರು. ಏಳಲಿಲ್ಲ. ಮಣೆಯನ್ನು ಅವರ ಕಡೆಗೆ ಸರಿಸಿದರು.

“ನಿಮ್ಮನೆ ಗುರ್ತು ಯೋಳಿ, ಬರ್ದುಕೊಡ್ತೀನಿ.”

ಚಂದ್ರಶೇಖರಯ್ಯ ಮಣೆಯ ಮೇಲೆ ಕೂತರು. “ಗೊತ್ತಿದ್ದರೆ ಚಿತ್ರಗಾರನನ್ನ ಯಾಕೆ ಕರೆಸ್ತಿದ್ದೆ?” ಎಂದರು.

“ನನ್ ಕೇಳಿದ್ರೆ ಅವತ್ತೇ ಯೋಳ್ತಿದ್ದೆ. ಮೂರು ಓರೆಗೀಟು, ತಲೆ ಕಡೆ ವಾಲ್ಕೊಂಡಿರೋವು. ನಿಮ್ಮ ತಾತ ಈಶ್ವರಯ್ಯನೋರ ಕಾಲದ ತಂಕ ನಮ್ಮಾವನೇ ಬರೀತಿದ್ದ. ಐದು ತಲೆ ಹಿಂದೆ ನಿಮ್ಮೋರು ಈ ಊರ್ಗೆ ಬಂದಾಗ ಮೂರೇ ದನ ಹೊಡ್ಕೊಂಡು ಬಂದಿದ್ರಂತೆ. ಅದ್ಕೇ ಮೂರು.”

“ಮೂರು ಗೀಟಾ?” ಅವರು ಮುಖ ಸಣ್ಣದು ಮಾಡಿದರು. “ಅಗಸರ ಗುರುತಿನ ಹಾಗೆ. ಗೇಟಿನ ಮೇಲೆ ಅದನ್ನ ಹಾಕೋದು ಹೇಗೆ?”

“ದನದ ಮ್ಯಾಲೆ ಚೆಂದಾಗೇ ಕಾಣ್ತದೆ. ಆದ್ರೆ ಮೊದ್ಲು ಗೇಟಿನ ಮ್ಯಾಲಿಂದ ನಮ್ಮದು ಇಳೀಬೇಕು. ಅದು ಇಳಿಯೋ ತಂಕ ನನ್ ಸಲಾಕೆ ಬಿಸಿ ಆಗಾಕಿಲ್ಲ.”

ನಾಲ್ಕು ದಿನ ಏನೂ ಆಗಲಿಲ್ಲ. ಐದನೆಯ ದಿನ ಗಾರೆ ಕೆಲಸದವನು ಏಣಿ ಹಾಕಿದ. ದ್ಯಾವಯ್ಯ ಓಡಿ ಬಂದು, “ಆನೆ ಹಂಗೇ ಅವೆ ಮಲ್ಲಕ್ಕ, ಮಧ್ಯದ್ದು ಮಾತ್ರ ಕೆತ್ತಾಕ್ದ” ಎಂದ. ಮಲ್ಲಿಗಮ್ಮ ಹೋಗಿ ಗೇಟಿನ ಕೆಳಗೆ ನಿಂತು ಕಣ್ಣಾರೆ ನೋಡಿದರು. ಆಮೇಲೆ ಒಲೆಗೆ ಬೆಂಕಿ ಮಾಡಲು ಹೇಳಿದರು.

ದಿನಕ್ಕೆ ಎಂಟು ದನದಂತೆ ಐದು ಬೆಳಿಗ್ಗೆ ಕೆಲಸ ನಡೆಯಿತು. ಬಾಲದ ಕಡೆ ತಿರುಗಿದ ಪ್ರತಿ ಕೊಕ್ಕೆಯ ಕೆಳಗೂ ತಲೆಯ ಕಡೆ ವಾಲಿದ ಮೂರು ಗೀಟು. ಕೊನೆಯ ದಿನ ಕೊನೆಯ ಎತ್ತಿಗೆ ಬೂದಿ ಹಚ್ಚಿ ಕೈ ಒರೆಸಿಕೊಳ್ಳುತ್ತಿದ್ದಾಗ ಚಂದ್ರಶೇಖರಯ್ಯ ಹತ್ತಿರ ಬಂದು, ಸಲಾಕೆಯ ಹಿಡಿಯನ್ನು ಒಂದು ಸಲ ಮುಟ್ಟಿ ನೋಡಿ, “ಮೂರೇ ದನವಾ ತಂದಿದ್ದು?” ಎಂದು ಕೇಳಿದರಂತೆ.

“ಮೂರೇ” ಎಂದರು ಮಲ್ಲಿಗಮ್ಮ. “ಅದ್ರಾಗೂ ಒಂದು ಕುಂಟು ಅಂತಿದ್ದ ನಮ್ಮಾವ.”

ಗೇಟಿನ ಮೇಲೆ ಎರಡು ಆನೆಗಳು ಸೊಂಡಿಲೆತ್ತಿ, ನಡುವಿನ ಬೋಳು ಗಾರೆಯನ್ನು ನೋಡುತ್ತ ನಿಂತಿವೆ. ಆ ಜಾಗಕ್ಕೆ ಮೂರು ಗೀಟನ್ನು ಅವರು ಕೊನೆಗೂ ಹಾಕಿಸಲಿಲ್ಲ. ದನಗಳಿಗೆ ಮಾತ್ರ ಪ್ರತಿ ಚಳಿಗಾಲ ತಪ್ಪದೆ ಹಾಕಿಸಿದರು. ಹಟ್ಟಿಗೆ ಕರೆಯಲು ಬರುವಾಗ ದ್ಯಾವಯ್ಯ ಹೊರಗಿನಿಂದಲೇ ಕೂಗುತ್ತಿದ್ದ: “ದನ ತಂದೋರ್ ಮನ್ಯೋರೆ, ಮೂರ್ ಗೀಟ್ನೋರು ಕರೀತಾವ್ರೆ!”